ನೆಲ ಮುಟ್ಟುವ ಅಳತೆ

ಗೋಣಿಕೊಪ್ಪದಲ್ಲಿ ಪೊನ್ನಂಪೇಟೆ ರಸ್ತೆಗೆ ತಿರುಗಿದರೆ
ಎಡಕ್ಕೆ ಹೊಳೆಯುವುದೆಲ್ಲ ನನ್ನದು:
ಕೊಕ್ಕೆಗೆ ನೇತುಬಿದ್ದ ಕ್ರ್ಯಾಶ್ ಗಾರ್ಡು,
ಮಂಜಿಗೆಂದು ತರಿಸಿದ ಹಳದಿ ದೀಪ,
ತೊಗಲಿನ ಚೀಲ, ಹಿತ್ತಾಳೆ ಬಿರಡೆ,
ಬಾಗಿಲಲ್ಲಿ ಮುಖವಿಲ್ಲದ ಹನ್ನೆರಡು ಹೆಲ್ಮೆಟ್ಟು.

ಹುಡುಗರು ಬರುವುದು ಶನಿವಾರ,
ಕಾಫಿ ದುಡ್ಡು ಬಂದ ತಿಂಗಳು ಭಾನುವಾರವೂ.
ಬಂದವರು ಕೂಡಲೆ ಇಳಿಯುವುದಿಲ್ಲ,
ಸೀಟಿನ ಮೇಲಿಂದಲೇ ನನ್ನ ಅಂಗಡಿಯ ಗಾಜಿನಲ್ಲಿ
ಒಮ್ಮೆ ತಮ್ಮನ್ನು ನೋಡಿಕೊಳ್ಳುತ್ತಾರೆ.

ಪಳಂಗಪ್ಪನವರ ಮಗ ಶರಣ್‌ಗೆ
ಟ್ಯಾಂಕಿನ ಮೇಲೆ ಪೀಚೆಕತ್ತಿ ಬೇಕಂತೆ.
ನೋಡಿ ಬರೆಯಲೆಂದು ಅಜ್ಜನ ಸೊಂಟದ್ದನ್ನೇ ತಂದು
ಕೌಂಟರಿನ ಮೇಲಿಟ್ಟ.
ಆ ಬೆಳ್ಳಿಯ ಮುಂದೆ ನನ್ನ ಕ್ರೋಮೆಲ್ಲ
ಒಂದು ಗಳಿಗೆ ತಗಡಾಯಿತು.
ಆದರೂ ಬಿಲ್ಲು ಬರೆದೆ.
ಜೊತೆಗೊಂದು ಸೈಲೆನ್ಸರನ್ನೂ ಮಾರಿದೆ.
ಹೆಸರು ಸೈಲೆನ್ಸರು, ಕೊಳ್ಳುವುದು ಸದ್ದಿಗೆ.
ನನ್ನ ವ್ಯಾಪಾರದಲ್ಲಿ
ಇದಕ್ಕಿಂತ ದೊಡ್ಡ ಸುಳ್ಳಿಲ್ಲ,
ಇದಕ್ಕಿಂತ ಒಳ್ಳೆಯ ಲಾಭವೂ ಇಲ್ಲ.

ಕಾಫಿ ಹೂ ಬಿಟ್ಟ ವಾರ, ಮಂಗಳವಾರ ಮಧ್ಯಾಹ್ನ,
ಪಾಲಿಶ್ ವಾಸನೆಯನ್ನು ಹೂವಿನ ಗಮಲು
ಹೊರಗೆ ತಳ್ಳುತ್ತಿದ್ದ ಹೊತ್ತಿಗೆ
ಬೈಕು ತಳ್ಳಿಕೊಂಡೇ ಬಂದರು ಬೊಳ್ಳಮ್ಮ.
ಕರೆಂಟಿನವರು. ಹೆಗಲಲ್ಲಿ ಬಿಲ್ಲಿನ ಯಂತ್ರ.
ನಾಲ್ಕಡಿ ಹತ್ತಂಗುಲದ ಹೆಂಗಸು,
ನಾಪೋಕ್ಲಿನ ಯಾರದೋ ಹಳೇ ಬುಲೆಟ್ಟು.
ಸ್ಕೂಟರು ತಿತಿಮತಿ ಕಡೆಯ ತೋಟದ ಏರು ಹತ್ತಲೊಲ್ಲದಂತೆ.

"ಏನು ಹಾಕಲಿ?" ಅಂದೆ.
"ಹಾಕಬೇಡಿ. ತೆಗೀರಿ."

ಹದಿನಾರು ವರ್ಷದ ಅಂಗಡಿಯಲ್ಲಿ
ಈ ಮಾತು ಕೇಳಿದ್ದು ಅದೇ ಮೊದಲು.

"ನಿಂತರೆ ನೆಲ ಸಿಗೋದಿಲ್ಲ,
ಒಂದು ಹೆಬ್ಬೆರಳು ಮಾತ್ರ ತಾಗ್ತದೆ.
ಆನೆ ದಾಟುವಾಗ ಇಂಜಿನ್ ಆರಿಸಿ ನಿಲ್ಲಬೇಕು.
ಹೆಬ್ಬೆರಳ ಮೇಲೆ ಎಷ್ಟು ಹೊತ್ತು ನಿಲ್ಲೋದು ಹೇಳಿ?
ಮೊನ್ನೆ ಹನ್ನೊಂದು ದಾಟಿದವು.
ಕೊನೇದು ಮರಿ,
ಅದಕ್ಕೇನೂ ಅವಸರ ಇರಲಿಲ್ಲ."

ಉಬೈದ್ ಅವರನ್ನು ಸೀಟಿನ ಮೇಲೆ ಕೂರಿಸಿದ.
ಹಿಮ್ಮಡಿಯಡಿ ನನ್ನ ಬಿಲ್ ಬುಕ್ಕು ತೂರಿಸಿ ನೋಡಿದ.
ಒಂದು ಸಾಲಲಿಲ್ಲ, ಎರಡೂ ಸಾಲಲಿಲ್ಲ.
ಹೊದಿಕೆ ಬಿಚ್ಚಿ, ಪಾಪುಟ್ಟು ಕೊಯ್ದ ಹಾಗೆ
ಮೆಲ್ಲಗೆ ಫೋಮು ಕೊಯ್ದ.
ಸೀಟಿನ ಪಕ್ಕೆ ಸವರಿದ.
ಹಿಂದಿನ ಶಾಕ್ ಅಬ್ಸಾರ್ಬರು ಗಿಡ್ಡದ್ದು ಹಾಕಿ
ಮತ್ತೆ ಕೂರಿಸಿದ, ಮತ್ತೆ ಇಳಿಸಿದ.
ಐದನೇ ಸಲ ಎರಡೂ ಪಾದ
ಪೂರಾ ನೆಲದ ಮೇಲೆ.
ಬೊಳ್ಳಮ್ಮ ಕೆಳಗೆ ನೋಡಿದರು.
ಚಪ್ಪಲಿ ಬಿಟ್ಟು ಇನ್ನೊಮ್ಮೆ ಊರಿ ನೋಡಿದರು.

ಉಳಿದದ್ದು ಹಳೇ ಮಾಲೀಕನ ಗುಡುಗು.
ಹಿಂದಿನ ಕೋಣೆಯಲ್ಲಿ, ಹುಡುಗರು ಕಳಚಿಸಿ ಬಿಟ್ಟುಹೋದ
ಕಂಪನಿ ಸೈಲೆನ್ಸರುಗಳ ರಾಶಿ.
ಶರಣ್‌ದು ಮೇಲೆಯೇ ಇತ್ತು,
ಧೂಳು ಕೂರುವಷ್ಟೂ ಹಳೆಯದಾಗಿರಲಿಲ್ಲ.
"ಎಷ್ಟಾಯ್ತು?" ಅಂದರು.
ಸದ್ದಿಗೆ ನನ್ನ ಗೋಡೆಯಲ್ಲಿ ದರಪಟ್ಟಿ ಇದೆ,
ಸುಮ್ಮನಿರುವುದಕ್ಕೆ ಇಲ್ಲ.
ಬೋಲ್ಟಿನ ದುಡ್ಡು ಇಸಕೊಂಡೆ.

ಹೊರಟವರು ಬಾಗಿಲಲ್ಲಿ ನಿಂತರು.
ಕ್ಲಚ್ಚಿಗೆ ಕಟ್ಟುವ ಕುಚ್ಚು,
ಕುಪ್ಯದ ಮೇಲಿನ ಚೇಲೆಯಂಥದೇ ಕೆಂಪು.
"ಇದರಿಂದ ಏನು ಉಪಯೋಗ?"
"ಏನೂ ಇಲ್ಲ," ಅಂದೆ. ನಿಜ ಹೇಳುವ ದಿನವಾಗಿತ್ತು ಅದು.
"ಗೊತ್ತು. ಎರಡು ಕೊಡಿ."

ಮುಂದಿನ ತಿಂಗಳು ತಲೆಯೆತ್ತಿದರೆ ಎದುರಲ್ಲೇ ಬೈಕು.
ಬಂದದ್ದು ಕೇಳಿಸಿರಲೇ ಇಲ್ಲ.
ಎರಡು ಪಾದ ನೆಲದಲ್ಲಿ,
ಎರಡು ಕುಚ್ಚು ಗಾಳಿಯಲ್ಲಿ.
ಮೀಟರು ನೋಡಿ, ಚೀಟಿ ಹರಿದು ಕೊಟ್ಟರು:
"ಹೊಳೆಯೋಕೆ ಈ ಸಲ ಜಾಸ್ತಿ ಖರ್ಚಾಗಿದೆ ನಿಮಗೆ."

ನಾನು ಒಂದು ಬಲ್ಬೂ ಆರಿಸಲಿಲ್ಲ.
ಶನಿವಾರ ಹತ್ತಿರವಿತ್ತು.