ಮೂವತ್ತಮೂರಕ್ಕೆ ಐದು ಕಳೆ

ಪುತಲಿಸಡಕಿನ ಎರಡನೇ ಮಹಡಿಯಲ್ಲಿ
ಏಜೆಂಟ್ ಹೇಳಿದ್ದ: ಏನು ಓದುತ್ತೀರಿ ಅನ್ನುವುದಲ್ಲ ಮ್ಯಾಡಂ,
ಓದು ಎಲ್ಲಿಗೆ ಮುಟ್ಟಿಸುತ್ತದೆ ಅನ್ನುವುದು.
ಗೋಡೆಯ ಮೇಲೆ ಸಿಡ್ನಿಯ ಸೇತುವೆ, ಅದರ ಕೆಳಗೆ
ನೀರಿನ ಕ್ಯಾನು, ರೋಲ್ಪಾದ ಗಣಿತದ ಟೀಚರು ನಾನು.
ಹಾಗೆ ಸೇರಿದೆ ಸಮಾಜಸೇವೆಯ ಮಾಸ್ಟರ್ಸಿಗೆ.
ಯಾವ ಸಮಾಜ, ಯಾರ ಸೇವೆ, ಕೇಳಲಿಲ್ಲ.

ಲಾನ್ಸೆಸ್ಟನ್ನಿನಲ್ಲಿ ಜೂನ್ ಬಂದರೆ ಐದಕ್ಕೇ ಕತ್ತಲು.
ಅಡುಗೆಮನೆಯ ಫ್ರಿಜ್ಜಿನ ಮೇಲೆ ನಾವು ನಾಲ್ವರೂ
ನಮ್ಮ ನಮ್ಮ ಕೂಡು-ಕಳೆ ಅಂಟಿಸಿದ್ದೇವೆ.
ನನ್ನದು:
ವಯಸ್ಸಿಗೆ ಮೂವತ್ತು. ಡಿಗ್ರಿಗೆ ಹದಿನೈದು.
ದೊಡ್ಡ ಊರು ಬಿಟ್ಟು ಈ ದ್ವೀಪಕ್ಕೆ ಬಂದು ಓದಿದ್ದಕ್ಕೆ ಐದು.
ಇಂಗ್ಲಿಷಿಗೆ ಹತ್ತು, ಇಪ್ಪತ್ತಾಗಬೇಕಿತ್ತು.
ಮದುವೆಯಾಗದೆ ಉಳಿದದ್ದಕ್ಕೆ ಹತ್ತು.

ಹೌದು, ಒಂಟಿ ಇದ್ದರೂ ಅಂಕ ಕೊಡುತ್ತದೆ ಈ ಸರ್ಕಾರ.
ಸಿಡ್ನಿಯಲ್ಲಿ ಟ್ಯಾಕ್ಸಿ ಓಡಿಸುವ ಭೀಮಲಾಲ
ಫೋನಿನಲ್ಲಿ ಕೇಳಿದ, ಆಗೋಣವಾ ಅಂತ.
ಅವನ ಇಂಗ್ಲಿಷ್ ಪರೀಕ್ಷೆ ಇನ್ನೂ ಪಾಸಾಗಿಲ್ಲ.
ತಡಿ, ಲೆಕ್ಕ ಹಾಕಿ ಹೇಳ್ತೀನಿ ಅಂದೆ.
ತಮಾಷೆ ಅಂದುಕೊಂಡು ನಕ್ಕ.
ನಾನು ಆಗಲೇ ಪೆನ್ಸಿಲು ಹುಡುಕುತ್ತಿದ್ದೆ.

ಪರೀಕ್ಷೆಯಲ್ಲಿ ಯಂತ್ರದ ಜೊತೆ ಮಾತಾಡಬೇಕು.
ಕಿವಿಗೆ ಹೆಡ್‌ಫೋನು. ಸುತ್ತಲ ಗೂಡುಗಳಲ್ಲಿ ಹದಿನೆಂಟು ಜನ
ಯಾವುದೋ ದೇಶದ ಗೋಧಿ ರಫ್ತಿನ ನಕ್ಷೆಯನ್ನು
ಒಟ್ಟಿಗೇ ವರ್ಣಿಸುತ್ತಾರೆ, ಹುಟ್ಟಿಗೆ ಕಲ್ಲು ಬಿದ್ದ ಜೇನಿನ ಹಾಗೆ.
ಮೂರು ಸಲ ಆಯಿತು. ಮೂರು ಸಲವೂ ಯಂತ್ರಕ್ಕೆ
ನನ್ನ ಉಚ್ಚಾರದಲ್ಲಿ ಬೆಟ್ಟ ಕೇಳಿಸಿತು.

ರಾತ್ರಿಪಾಳಿ ವೃದ್ಧಾಶ್ರಮದಲ್ಲಿ.
ಹನ್ನೊಂದನೇ ಕೋಣೆಯ ಹೆಂಡ್ರಿಕಾ ಅಜ್ಜಿಗೆ ತೊಂಬತ್ತೊಂದು.
ಹತ್ತೊಂಬತ್ತಕ್ಕೆ ಹಾಲೆಂಡಿನಿಂದ ಹಡಗಿನಲ್ಲಿ ಬಂದು
ಇಂಗ್ಲಿಷಿನಲ್ಲೇ ಬೇಕರಿ ನಡೆಸಿ, ಮಕ್ಕಳನ್ನು ಬೈದು,
ಗಂಡನನ್ನು ಮಣ್ಣು ಮಾಡಿ,
ಕಳೆದ ಚಳಿಗಾಲ ಆ ಇಂಗ್ಲಿಷನ್ನು ತೆಗೆದಿಟ್ಟಳು,
ಹಲ್ಲುಸೆಟ್ಟು ಕಳಚಿ ಲೋಟದಲ್ಲಿಟ್ಟ ಹಾಗೆ.
ಕೊನೆಗೆ ಬಂದದ್ದು ಮೊದಲು ಹೋಗುತ್ತದೆ, ಅಂದಳು ನರ್ಸು.
ಈಗ ಡಚ್ಚೊಂದೇ. ಮಗಳಿಗೆ ಅದು ಬಾರದು.
ಭಾನುವಾರ ಬಂದು, ಕೈ ಹಿಡಿದು ಕೂತು,
ಕಾರಿನೊಳಗೆ ಅತ್ತು ಹೋಗುತ್ತಾಳೆ.

ನಿನ್ನೆ ಬೆಳಗಿನ ಜಾವ ಮೂರಕ್ಕೆ ಗಂಟೆ ಒತ್ತಿದಳು.
ಹಾಸಿಗೆ ಒದ್ದೆ. ಹೊರಳಿಸಿ, ಒರೆಸಿ, ಒಣ ಬಟ್ಟೆ ಹಾಕುವಾಗ
ಏನೋ ಉದ್ದಕ್ಕೆ ಕೇಳಿದಳು. ಪ್ರಶ್ನೆ ಅನ್ನುವುದಷ್ಟೇ ತಿಳಿಯಿತು.
ನನ್ನ ಬಾಯಿಗೂ ಆ ಹೊತ್ತಿನಲ್ಲಿ ಇಂಗ್ಲಿಷ್ ಬರಲಿಲ್ಲ.
ನಮ್ಮ ಖಾಮ್ ಮಾತಿನಲ್ಲಿ,
ಶಾಲೆಯಲ್ಲಿ ಆಡಿದರೆ ಬೆತ್ತ ಬೀಳುತ್ತಿದ್ದ ಆ ಮಾತಿನಲ್ಲಿ,
ಕುರಿಗಳೆಲ್ಲ ಬಂದವು ಅಜ್ಜಿ, ಬಾಗಿಲು ಹಾಕಿದ್ದೇನೆ ಅಂದೆ.
ಅವಳು ಹೂಂ ಅಂದು ಇನ್ನೇನೋ ಹೇಳಿದಳು. ನಾನೂ ಹೇಳಿದೆ.
ಹಾಗೇ ನಾಲ್ಕೂವರೆಯ ತನಕ.

ಅಂಕ ಅಂದರೆ ಎಣಿಕೆ, ಗುರುತು
ಅಂತ ಮಕ್ಕಳಿಗೆ ಹೇಳಿಕೊಡುತ್ತಿದ್ದೆ.
ಪಕ್ಕದ ತರಗತಿಯಿಂದ ಸಂಸ್ಕೃತದ ಮೇಷ್ಟ್ರು
ಕಿಟಕಿಯಲ್ಲಿ ತಲೆ ಹಾಕಿ ತಿದ್ದಿದ್ದರು:
ತೊಡೆಗೂ ಅಂಕ ಅಂತಾರೆ ಟೀಚರ್, ಮಗು ಕೂರುವ ಜಾಗಕ್ಕೆ.

ಹಗಲಾಯಿತು. ಪಾಳಿಯ ಹಾಳೆಗೆ ಸಹಿ, ತಾರೀಖು.
ತಾರೀಖು ಬರೆದ ಮೇಲೆ ನೆನಪಾಯಿತು, ಇವತ್ತಿಗೆ ಮೂವತ್ತಮೂರು.
ಮನೆಗೆ ಬಂದು, ಬೂಟು ಕೂಡ ಬಿಚ್ಚದೆ,
ಫ್ರಿಜ್ಜಿನ ಮೇಲಿನ ಮೂವತ್ತನ್ನು ಹೊಡೆದು ಇಪ್ಪತ್ತೈದು ಬರೆದೆ.
ಯಾರೋ ಆಗಲೇ ಪಕ್ಕದಲ್ಲಿ ಕೇಕಿನ ಚಿತ್ರ ಗೀಚಿದ್ದರು,
ಒಂದೇ ಮೇಣದಬತ್ತಿ, ಸೊಟ್ಟ.
ಭೀಮಲಾಲನ ಎರಡು ಮಿಸ್ಡ್ ಕಾಲ್.

ಶನಿವಾರ ಮತ್ತೆ ಪರೀಕ್ಷೆ, ದುಡ್ಡು ಕಟ್ಟಿದ್ದಾಗಿದೆ.
ಶುರುವಿಗೆ ಯಂತ್ರ ಯಾವಾಗಲೂ ಅದನ್ನೇ ಕೇಳುವುದು:
ನಿಮ್ಮ ಬಗ್ಗೆ ಹೇಳಿ. ನಿಮಗಿರುವುದು ಮೂವತ್ತು ಸೆಕೆಂಡು.