ಮಣ್ಣು ತಿನ್ನುವ ಹಾಳೆ

ಅಲ್ಮೆರಿಯಾದ ಈ ಬಯಲಲ್ಲಿ
ಆಕಾಶಕ್ಕೂ ನಮಗೂ ನಡುವೆ ಒಂದು ಪ್ಲಾಸ್ಟಿಕ್ಕು,
ನಮಗೂ ಮಣ್ಣಿಗೂ ನಡುವೆ ಇನ್ನೊಂದು.
ಮೇಲಿನದು ಬಿಳಿ, ಕೆಳಗಿನದು ಕಪ್ಪು.
ಹನ್ನೊಂದು ವರ್ಷ ನಾನು ಆ ಕಪ್ಪನ್ನು ಕಿತ್ತವಳು.

ಕಲ್ಲಂಗಡಿ ಲಾರಿ ಹತ್ತಿದ ಮಾರನೆಯ ದಿನದಿಂದ
ಆರು ದಿನದ ಕೂಲಿ ಅದು.
ಸಾಲು ಹಿಡಿದು ಬಗ್ಗಿ, ಅಂಚಿಗೆ ಉಗುರು ಹಾಕಿ
ಎಳೆದರೆ
ಹಳೆಯ ಗಾಯದ ಪಟ್ಟಿಯ ಹಾಗೆ ಬರುತ್ತಿತ್ತು,
ಬರದಿದ್ದರೆ ಹರಿಯುತ್ತಿತ್ತು.
ಹರಿದದ್ದು ಗಾಳಿಯ ಪಾಲು, ಬೇಲಿಯ ಪಾಲು,
ಫಸಲು ಮುಗಿದ ಮೇಲೆ ಮೇಯಲು ಬರುವ
ಫ್ರೊಯ್ಲಾನನ ಆಡುಗಳ ಪಾಲು.
ಸತ್ತ ಆಡೊಂದರ ಹೊಟ್ಟೆಯಿಂದ ಹೊರಬಂದ ಕಪ್ಪು ಉಂಡೆಯನ್ನು
ಒಮ್ಮೆ ಅವನು ಮಾಲೀಕನ ಬಾಗಿಲಲ್ಲಿ ಇಟ್ಟು ಬಂದಿದ್ದ.
ಮಾತಾಡಿರಲಿಲ್ಲ.

ಮರುವರ್ಷ ಬಂತು ಹೊಸ ಸುರುಳಿ.
ರಟ್ಟಿನ ಮೇಲೆ ಒಂದು ಹಸಿರೆಲೆ.
"ಜೋಳದ ಹಿಟ್ಟಿನದಂತೆ," ಎಂದ ಎವುಲೋಹಿಯೊ,
ತಾನು ಮೂಸಿ ನನಗೂ ಮೂಸಲು ಕೊಟ್ಟ.
"ಇದು ಮಣ್ಣು ತಿನ್ನುವ ಹಾಳೆ, ಇಜ್ಜಾ.
ಕೀಳಬೇಕಿಲ್ಲ. ಉತ್ತುಬಿಟ್ಟರೆ ಸಾಕು."
ನನ್ನ ಬಾಯಲ್ಲಿ ಅವರ ಭಾಷೆ ಇನ್ನೂ ಅರ್ಧ ಬೆಂದದ್ದು.
ಮಣ್ಣು ಹಾಳೆಯನ್ನು ತಿನ್ನುವುದೋ,
ಹಾಳೆ ಮಣ್ಣನ್ನು ತಿನ್ನುವುದೋ,
ಕೇಳಲಿಲ್ಲ.
ತಿಳಿದದ್ದು ಇಷ್ಟೇ: ಅದು ಮೊದಲು ತಿಂದದ್ದು
ನನ್ನ ಆರು ದಿನವನ್ನು.

ಮೊದಲ ಬೇಸಿಗೆಗೆ ಹಾಳೆ ಸುಕ್ಕಾಯಿತು,
ಮುದುಕಿಯ ಮೊಣಕೈ ಚರ್ಮದ ಹಾಗೆ.
ಎರಡನೆಯದಕ್ಕೆ, ಸಸಿ ನೆಡಲು ಗುಳಿ ತೋಡಿದರೆ
ಗುಳಿಗೊಂದು ಚೂರು.
ಉಗುರಿನಷ್ಟು. ಆಮೇಲೆ ನುಚ್ಚಿನಷ್ಟು. ಆಮೇಲೆ
ಇದೆಯೋ ಇಲ್ಲವೋ ಎನ್ನುವಷ್ಟು.
"ನೋಡು, ತಿಂದೇಬಿಟ್ಟಿತು," ಎಂದ ಎವುಲೋಹಿಯೊ.
ಚಹಾದಲ್ಲಿ ಸಕ್ಕರೆಯೂ ಕಾಣೆಯಾಗುತ್ತದೆ;
ಎಲ್ಲಿ ಹೋಯಿತೆಂದು ಕುಡಿದವರಿಗೆ ಗೊತ್ತು.
ನಮ್ಮ ಕಣ್ಣಿಗೆ ಮಣ್ಣೆರಚುವುದು ಸುಲಭ.
ಮಣ್ಣಿನ ಕಣ್ಣಿಗೆ ಏನೆರಚುತ್ತೀರಿ?

ವಿಶ್ವವಿದ್ಯಾಲಯದಿಂದ ಮೈತೆ ಬಂದಳು,
ಚಮಚ, ಜರಡಿ, ಯಾವುದೋ ಭಾರದ ನೀರಿನ ಕ್ಯಾನು.
ಕಲಕಿದಳು. ಮಣ್ಣು ತಳ ಸೇರಿತು,
ತೇಲಿದ್ದನ್ನು ಚಿಮಟದಲ್ಲಿ ಒಂದೊಂದೇ ಎತ್ತಿ ಎಣಿಸಿದಳು.
ಅವಳ ಪ್ರಯೋಗಾಲಯದಲ್ಲಿ ಅದೇ ಹಾಳೆ
ಬೇಗ ಕರಗಿತ್ತಂತೆ.
ಅಲ್ಲಿ ಮಣ್ಣು ಬೆಚ್ಚಗಿತ್ತು, ಹೊತ್ತುಹೊತ್ತಿಗೆ ನೀರು ಕುಡಿಯುತ್ತಿತ್ತು.
ಇಲ್ಲಿಯದು ಬಾಯಾರಿದ್ದು, ಉಪ್ಪೇರಿದ್ದು,
ಬಡಿಸಿದ್ದನ್ನೆಲ್ಲ ಉಣ್ಣಲು ಅದಕ್ಕೆ ಮೈಯಲ್ಲಿ ಕಸುವಿಲ್ಲ.
"ಕೆಟ್ಟದ್ದಾ?" ಎಂದೆ.
"ಹಳೆಯದಕ್ಕಿಂತ ಮೇಲಿರಬಹುದು."
ಆ ಇರಬಹುದನ್ನು ಅವಳು
ಮೊಟ್ಟೆಯ ಹಾಗೆ ಮೆಲ್ಲಗೆ ಕೆಳಗಿಟ್ಟಳು.

ಈಗ ವಾರಕ್ಕೊಂದು ದಿನ ಅವಳಲ್ಲಿ ಕೂಲಿ.
ಗಾಜಿನ ಡಬ್ಬಿಗಳಿಗೆ ನೀರು ಚಿಮುಕಿಸುವುದು,
ಎರೆಹುಳು ಎಣಿಸುವುದು,
ಎರಡು ಕಲಮುಗಳಲ್ಲಿ ಚುಕ್ಕೆ ಇಡುವುದು:
ತಿಂದದ್ದು. ಉಳಿದದ್ದು.

ನಿನ್ನೆ ಏಳನೆಯ ಡಬ್ಬಿಯಲ್ಲಿ
ಒಂದು ಹುಳು, ಕಪ್ಪು ಚೂರೊಂದರ ಅಂಚು ಹಿಡಿದು
ಹಿಂದಕ್ಕೆ, ಹಿಂದಕ್ಕೆ,
ಬಿಲದೊಳಗೆ ಎಳೆದುಕೊಂಡು ಹೋಯಿತು.
ಸಾಲುಗಳಲ್ಲಿ ನಾನು ಎಳೆಯುತ್ತಿದ್ದೆನಲ್ಲ, ಹಾಗೆಯೇ.
ನಾನು ಹೊರಕ್ಕೆ, ಅದು ಒಳಕ್ಕೆ.
ತರಗೆಲೆಯೆಂದು ನಂಬಿತೋ,
ಬಾಗಿಲಿಗೆ ಅಡ್ಡ ಇಟ್ಟುಕೊಂಡಿತೋ.
ಅರ್ಧ ಗಂಟೆ ಕಾದೆ.
ಪೆನ್ಸಿಲು ಒಮ್ಮೆ ಆ ಕಲಮಿಗೆ, ಒಮ್ಮೆ ಈ ಕಲಮಿಗೆ.
ಕೊನೆಗೆ ನಡುವಿನ ಗೆರೆಯ ಮೇಲೆಯೇ ಚುಕ್ಕೆ ಇಟ್ಟೆ.
ಮೈತೆ ಬಹಳ ಹೊತ್ತು ನೋಡಿದಳು,
ಅಳಿಸಲಿಲ್ಲ.

ಸಂಜೆ ಉಗುರ ಸಂದಿಯಲ್ಲಿ ಕಪ್ಪು.
ಎರಡು ಸಲ ಉಜ್ಜಿ ತೊಳೆದೆ.
ಹಸಿವಾಗಿತ್ತು.
ರೊಟ್ಟಿ ಮುರಿದೆ.