ಗಿಟಾರಿಗೊಂದು ಅರ್ಧ ಟಿಕೆಟ್ಟು

ಧೋಬಿ ತಲಾವಿನಲ್ಲಿ ಹತ್ತಿದ ಮುದುಕನ ಹೆಗಲಲ್ಲಿ
ಕರಿ ಪೆಟ್ಟಿಗೆ, ಬಾಗಿಲಿಗೇ ಅಡ್ಡ.
ಲಗೇಜು ಚಾರ್ಜು ಕೊಡ್ರಿ, ಅಂದೆ.
ಲಗೇಜಲ್ಲ ಇದು, ಪ್ಯಾಸೆಂಜರ್, ಅಂದ,
ಇನ್ನೂ ಹನ್ನೆರಡು ತುಂಬಿಲ್ಲ, ಅರ್ಧ ಟಿಕೆಟ್ಟು ಹರಿ.
ಬಸ್ಸೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ.
ಹರಿದೆ. ಪಂಚು ಒತ್ತಿದೆ.
ಆ ಸದ್ದಿಗೆ ಮುದುಕ ತಲೆಯೆತ್ತಿದ:
ಮತ್ತೊಮ್ಮೆ ಮಾಡು ನೋಡೋಣ.

ಕಂಬಿಗೆ ಪಂಚು ಬಡಿಯುತ್ತ ಹಿಂದಿನಿಂದ ಮುಂದಕ್ಕೆ
ಸಾವಿರ ಸಲ ಹೋಗಿ ಬಂದವನು ನಾನು,
ಅದಕ್ಕೊಂದು ತಾಳವಿದೆಯೆಂದು
ಯಾರೂ ಹೇಳಿರಲಿಲ್ಲ.

ಇನಾಸ್ ಕ್ವಾಡ್ರೋಸ್. ಕಾವೆಲ್ ಗಲ್ಲಿ, ಮೂರನೇ ಮಾಳಿಗೆ,
ಹೆಜ್ಜೆಗೊಮ್ಮೆ ನರಳುವ ಮರದ ಮೆಟ್ಟಿಲು,
ಬಾಗಿಲು ತೆರೆದರೆ ವಿನೆಗರಿನ ವಾಸನೆ.
ನನ್ನ ವಾರದ ರಜೆ ಮಂಗಳವಾರ.
ಮೊದಲ ನಾಲ್ಕು ಮಂಗಳವಾರ ಗಿಟಾರು ಮುಟ್ಟಗೊಡಲಿಲ್ಲ.
ಕೇಳು, ಅಂದ. ರೆಕಾರ್ಡು ತಿರುಗಿತು.
ನನಗೆ ಕೇಳಿಸಿದ್ದು ಸಂಜೆ ಆರರ ದಾದರ್:
ಒಂದೇ ಬಾಗಿಲಲ್ಲಿ ಎಲ್ಲರೂ ನುಗ್ಗುತ್ತಾರೆ,
ಯಾರೂ ಇಳಿಯುವುದಿಲ್ಲ.
ಎಲ್ಲರನ್ನೂ ನೋಡಬೇಡ, ಅಂದ,
ಒಬ್ಬನ ಅಂಗಿ ಹಿಡಿದುಕೊಂಡು ಹೋಗು.
ಹಿಡಿದೆ. ಮೂರನೆಯ ಸುತ್ತಿಗೆ
ಗಿಟಾರಿನವನು ಯಾರಿಗೂ ಮೊಣಕೈ ತಾಗಿಸದೆ
ಗುಂಪಿನೊಳಗೆ ನುಸುಳಿದ್ದು ಕಂಡಿತು.
ಮೈ ಜುಮ್ಮೆಂದಿತು.

ಚಪ್ಪಾಳೆಯದೇ ಪೇಚು.
ಇಂಡಿ ತಾಲೂಕಿನ ಭಜನೆಯ ಕೈ ನನ್ನದು,
ಒಂದಕ್ಕೇ ಬೀಳುತ್ತದೆ.
ಎರಡಕ್ಕೆ ಹೊಡಿ, ನಾಲ್ಕಕ್ಕೆ ಹೊಡಿ,
ಒಂದು ಎಲ್ಲಿಗೂ ಓಡಿಹೋಗುವುದಿಲ್ಲ,
ಅಂದು ಅಂದೇ ಮುದುಕನಿಗೆ ಕೆಮ್ಮು ಹತ್ತಿತು.
ಕೊನೆಗೆ ಜೇಬಿನಿಂದ ಪಂಚು ತೆಗೆದೆ:
ಕೈ ತಾನೇ ಎರಡಕ್ಕೆ ಬಿತ್ತು.

ಆಮೇಲೆ ಬೆರಳು. ಎಡಗೈಯ ತುದಿಗಳು ಜಡ್ಡುಗಟ್ಟಿ
ಚೀಲದೊಳಗಿನ ನಾಣ್ಯದ ಗುರುತು ಸಿಗದಾಯಿತು.
ಎಂಟಾಣೆ ಕೊಡುವಲ್ಲಿ ರೂಪಾಯಿ ಕೊಟ್ಟು
ಸಂಜೆ ಡಿಪೋದಲ್ಲಿ ಕೈಯಿಂದ ತುಂಬಿದ್ದೇನೆ.

ಒಂದು ದಿನ ಅಂದ: ಆರು ತಂತಿಯೂ ಬೇಡ.
ಎರಡು ಸಾಕು, ನಡುವಿನವು.
ಮೂಲಸ್ವರ ಬಿಟ್ಟುಬಿಡು.
ನಾನು ಗಿಟಾರು ಕೆಳಗಿಟ್ಟೆ.
ನಮ್ಮ ಸೋದರಮಾವ ಏಕತಾರಿಯವ ರೀ.
ಇದ್ದದ್ದ ಒಂದು ತಂತಿ, ಅದು ನುಡಿದದ್ದ ಮೂಲ,
ಅದೊಂದನ್ನ ಹಿಡಕೊಂಡು ರಾತ್ರಿ ಬೆಳಗು ಮಾಡತಿದ್ದ.
ಆರು ಕೊಟ್ಟು ಆ ಒಂದನ್ನ ಬಿಡು ಅಂತೀರಿ,
ಇದೆಂಥ ನ್ಯಾಯ?
ಅಂದದ್ದು ಕನ್ನಡದಲ್ಲಿ. ಮುದುಕನಿಗೆ ಕನ್ನಡ ಬಾರದು.
ಆದರೂ ಕಿಟಕಿಯ ಪಕ್ಕದ ಮೂಲೆ ತೋರಿಸಿದ.

ಅಲ್ಲಿ ಏನೂ ಇರಲಿಲ್ಲ. ನೆಲದ ಹಲಗೆಯಲ್ಲಿ
ಹೆಬ್ಬೆರಳು ಹಿಡಿಯುವಷ್ಟು ಕುಳಿ.
ಬಾಸ್ಕೋ ನಿಲ್ಲುತ್ತಿದ್ದ ಜಾಗ. ಅವನ ಡಬಲ್ ಬಾಸಿನ ಮೊಳೆ
ಮೂವತ್ತು ವರ್ಷ ಊರಿ ಊರಿ ಆದದ್ದು.
ಮೂಲ ನುಡಿಸುವುದು ಅವನ ಕೆಲಸ, ಅಂದ.
ಈಗ ಎಲ್ಲಿ ಅವರು? ಶಿವಡಿಯಲ್ಲಿ, ಮಣ್ಣಿನಡಿ.
ಹಾಗಾದರೆ ಈಗ ಯಾರು ನುಡಿಸುತ್ತಾರೆ?
ತಿರುಗಿ ನನ್ನನ್ನೇ ಕೇಳಿದ:
ಕಂಡಕ್ಟರ್ ಮೇಲಿನ ಮಹಡಿಗೆ ಹೋದಾಗ
ಅವನ ಸೀಟಿನಲ್ಲಿ ಯಾರಾದರೂ ಕೂರುತ್ತಾರಾ?

ನುಡಿಸಿದೆ. ಎರಡೇ ಸ್ವರ,
ಕಾಲಿಲ್ಲದ ಮೇಜಿನ ಹಾಗೆ ಗಾಳಿಯಲ್ಲಿ ನಿಂತವು.
ಬೀಳುತ್ತವೆಂದು ಕಾದೆ.
ಕೆಳಗೆ ಗಲ್ಲಿಯಲ್ಲಿ ಯಾರೋ ಕೈಗಾಡಿ ಎಳೆದುಕೊಂಡು ಹೋದರು.
ಬೀಳಲಿಲ್ಲ.

ಈಗ ಪಂಚಿಲ್ಲ, ಮೆಷಿನ್ನು ಕಾಗದ ಉಗುಳುತ್ತದೆ.
ಮೂರನೇ ಮಾಳಿಗೆಗೆ ಬೇರೆಯವರ ಬೀಗ.
ಗಿಟಾರು ನನ್ನಲ್ಲಿದೆ.
ಕೊನೆಯ ಪಾಳಿ ಮುಗಿಸಿ ವಡಾಲಾ ಡಿಪೋದ ಹಿಂಸಾಲಿನಲ್ಲಿ
ಖಾಲಿ ಬಸ್ಸಿನೊಳಗೆ ನುಡಿಸುತ್ತೇನೆ,
ನನ್ನ ಸೀಟಿನಲ್ಲಲ್ಲ, ಅದರ ಎದುರಿನದರಲ್ಲಿ ಕೂತು.
ಡ್ರೈವರ್ ಗುಜರ್ ಇನ್ನೂ ಇಂಜಿನ್ ಆರಿಸಿರುವುದಿಲ್ಲ.
ಗುಂಯ್ ಎನ್ನುತ್ತದೆ ನೆಲ, ಒಂದೇ ತಂತಿಯಾಗಿ.
ಶ್ರುತಿ ಕೊಂಚ ಇಳಿದಿದೆ; ನಾನೇ ಇಳಿಸಿಕೊಳ್ಳುತ್ತೇನೆ.
ಡೀಸೆಲ್ ಸುಡುತ್ತಿದೆ, ಆಯಿತಾ? ಅನ್ನುತ್ತಾನೆ.
ತಡೆಯಪ್ಪ,
ಇನ್ನೊಂದು ಸುತ್ತು.